ಇಲಿ ಇಲ್ಲಿ

ಮನೆಮನೆಗೆ ಹೋಗಿ ಇಲಿ ಕೊಲ್ಲುವುದು ರಾಚಪ್ಪನ ಕಸುಬು. ಇಲಿಯ ಹಾಗೇ ಕಿಚಕಿಚ ಅನ್ನುವುದು, ಹಲಗೆ ಕೆರೆಯುವುದು ಅವನ ಹೆಮ್ಮೆ. ಒಂದೇ ವಾರದಲ್ಲಿ ಇಲಿಪಾಷಾಣ ಕೊಟ್ಟು ಬಂದ ಮನೆಯಿಂದಲೇ ಮತ್ತೆ ಕರೆ ಬಂದದ್ದು ಆ ಹೆಮ್ಮೆಗೆ ಬಿದ್ದ ಪೆಟ್ಟು.

"ಇಲಿ ಎಲ್ಲಿ ಸ್ವಾಮೀ?"

"ಇಲ್ಲೇ, ಅಟ್ಟದಲ್ಲಿ." ಯಜಮಾನ ಮೇಲೆ ಬೆರಳು ತೋರಿಸಿದ. "ನೀನು ಕೊಟ್ಟ ಕೊಬ್ಬರಿ ಉಂಡೆ ಅಷ್ಟೂ ಬಾಗಿಲ ಸಂದೀಲಿ ತೂರಿಸ್ದೆ. ಎಲ್ಲಾ ಖಾಲಿ. ಸದ್ದು ಕಮ್ಮಿಯಾಯ್ತು, ನಿಲ್ಲಲಿಲ್ಲ. ಇನ್ನೂ ಜೋರಾದ್ದು ಕೊಡು."

"ನನ್ನ ಉಂಡೆ ತಿಂದ ಇಲಿ ಐದು ದಿನ ದಾಟಲ್ಲ! ಬಾಗ್ಲು ತೆಗೀರಿ, ನೋಡ್ತೀನಿ."

"ಬೀಗದ ಕೈ ನನ್ನ ಹೆಂಡ್ತಿ ಹತ್ರ ಇದೆ. ಅವಳು ತವರಿಗೆ ಹೋಗಿದಾಳೆ."

"ಅಮ್ಮಾವ್ರು ತವರಲ್ಲಿ, ಇಲಿ ಅಟ್ಟದಲ್ಲಿ! ಒಬ್ರಾದ್ರೂ ಜೊತೆಗಿದಾರಲ್ಲ ಬಿಡಿ," ಎಂದು ರಾಚಪ್ಪ ನಕ್ಕ. ಯಜಮಾನ ನಗಲಿಲ್ಲ.

ಮೇಲೆ ಪರಪರ ಸದ್ದು ಶುರುವಾಯಿತು. ರಾಚಪ್ಪ ಕುರ್ಚಿ ಹತ್ತಿ, ಅಟ್ಟದ ಹಲಗೆಯನ್ನು ಕೆಳಗಿನಿಂದ ಉಗುರಲ್ಲಿ ಕೆರೆದ. ಎರಡು ಉದ್ದ ಗೀರು, ಒಂದು ಚಿಕ್ಕದು.

"ಇಲಿಯಾದ್ರೆ ಹೆದರಿ ಗಪ್‌ಚಿಪ್ ಆಗುತ್ತೆ, ಕೇಳಿ."

ಸದ್ದು ನಿಂತೇಹೋಯಿತು.

"ಇಲೀನೇ ಕಣಯ್ಯ!" ಬಿಗಿಹಿಡಿದಿದ್ದ ಉಸಿರನ್ನು ಯಜಮಾನ ಬಿಟ್ಟ. "ಔಷಧಿ ಕೊಟ್ಟು ಹೊರಡು."

ರಾಚಪ್ಪ ಕೆಳಗಿಳಿದು ಚೀಲಕ್ಕೆ ಕೈಹಾಕುವಷ್ಟರಲ್ಲಿ ಅಟ್ಟದಿಂದ ಮೆಲ್ಲಗೆ ಉತ್ತರ ಬಂತು. ಎರಡು ಉದ್ದ ಗೀರು, ಒಂದು ಚಿಕ್ಕದು, ಅದರ ಹಿಂದೆಯೇ ಬಳೆಯ ಸದ್ದು.