ಕಾರ್ಡಿನಲ್ಲಿ ಹೋದ ವಜೀರ

ಆ ವರ್ಷ ಅಣ್ಣಿಗೇರಿಗೆ ಬಂದೊದಗಿದ ಮಹಾ ವಿಪತ್ತೆಂದರೆ, ಚದುರಂಗದ ಹಲಗೆಯ ಮೇಲೆ ಶಂಭುಲಿಂಗಪ್ಪನ ವಜೀರ ಅವನನ್ನು ಕೇಳದೆ ಸತ್ತದ್ದು. ಅಳ್ನಾವರದ ಮಲಕಪ್ಪ ಮಾಸ್ತರರೊಡನೆ ಅವನು ಒಂಬತ್ತು ತಿಂಗಳಿಂದ ಅಂಚೆ ಕಾರ್ಡಿನಲ್ಲೇ ಆಡುತ್ತಿದ್ದ, ಕಾರ್ಡಿಗೊಂದು ನಡೆ. ಅವನು ಬೀಗರೂರಿಗೆ ಹೋಗಿದ್ದ ಹದಿನೈದು ದಿನದಲ್ಲಿ ಹೆಂಡತಿ ನೀಲಕ್ಕ ತಾನೇ ಒಂದು ನಡೆ ಬರೆದು ಡಬ್ಬಿಗೆ ಹಾಕಿದ್ದಳು.

“ವಜೀರನ್ನ ಕೊಟ್ಟು ಕುಂತೀಯಲ್ಲ, ತಲಿ ನೆಟ್ಟಗೈತೇನ ನಿನಗ?” ಶಂಭುಲಿಂಗಪ್ಪ ಹಲಗೆಯನ್ನೇ ಎತ್ತಿ ಹಿಡಿದ.

“ಒಂಬತ್ತ ತಿಂಗಳ ಅದರ ಬಾಜೂಕ ಕುಂತು ರೊಟ್ಟಿ ಬಡದೇನ್ರಿ, ನೋಡಿ ನೋಡಿ ಬಂತು. ಒಗಿಯೂದು ಆಮ್ಯಾಲ, ಮೊದಲ ಇವತ್ತಿನ ಕಾರ್ಡ್ ಓದ್ರಿ.”

‘ಸೋತೆ. ಅಕ್ಷರ ನಿಮ್ಮದಲ್ಲ, ನಡೆಯಂತೂ ಅಲ್ಲವೇ ಅಲ್ಲ. ಮುಂದಿನ ಆಟ ಅವರೊಡನೆಯೇ.’

ಶಂಭುಲಿಂಗಪ್ಪ ಹಲಗೆಯನ್ನು ಅಂಗಳಕ್ಕೆ ಒಗೆದೇಬಿಟ್ಟ. ನೀಲಕ್ಕ ಕಾಯಿಗಳನ್ನು ಆರಿಸಿ ತಂದು, ಹೊಸ ಕಾರ್ಡಿನಲ್ಲಿ ಮೊದಲ ನಡೆ ಬರೆದಳು.