ಕೂರಿಸದ ಪಂಪು

ಎರಡು ಲೋಟ ಟೀ ಹಿಡಿದು ಬಂದ ನಂಜುಂಡೇಶ್ ತನ್ನ ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟ. ಸ್ಟೂಲಿನ ಮೇಲೆ ಕೂರಿಸಿ ಹೋಗಿದ್ದ ಹವಾಲ್ದಾರ್ ಚಿಕ್ಕಬೀರಯ್ಯ ಎದ್ದು ಹಿಂದಿನ ಕಪಾಟಿನ ಹತ್ತಿರ ಹೋಗಿದ್ದರು. ಸುತ್ತಿದ್ದ ಹಳೇ ಪೇಪರು ಬಿಚ್ಚಿ, ಒಳಗಿದ್ದ ವಾಟರ್ ಪಂಪನ್ನು ಎಡಗೈಯಲ್ಲಿ ಹಿಡಿದು, ಬೆರಳಿನಿಂದ ಅದರ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತಿದ್ದರು.

ಟೀ ತರಲು ಹೋಗುವ ಮುಂಚೆಯಷ್ಟೇ ನಂಜುಂಡೇಶ್ ಅವರಿಗೆ ಹೇಳಿದ್ದ: "ಪಾರ್ಟು ಇನ್ನೂ ಬಂದಿಲ್ಲ ಸಾರ್. ಮಿಲಿಟರಿ ಗಾಡೀದು, ಸುಲಭಕ್ಕೆ ಸಿಗಲ್ಲ." ಆಷಾಢದಿಂದ ಹೇಳುತ್ತಲೇ ಬಂದಿದ್ದ ಮಾತು.

"ಬೇರಿಂಗ್ ಚೆನ್ನಾಗಿ ಕೂತೈತೆ" ಎಂದರು ಚಿಕ್ಕಬೀರಯ್ಯ. "ಸೀಲೂ ಹೊಸದು."

"ಅದು ಬೇರೆ ಗಾಡೀದು ಸಾರ್."

"ನನ್ನ ಜೋಂಗಾ ಬುಟ್ರೆ ಗಾವಡಗೆರೇಲಿ ಇನ್ನೊಂದು ಜೋಂಗಾ ಎಲ್ಲೈತಪ್ಪ?"

ನಂಜುಂಡೇಶ್ ಲೋಟಗಳನ್ನು ಬೆಂಚಿನ ಮೇಲಿಟ್ಟ. ಸೇನೆಯಲ್ಲಿ ಡ್ರೈವರ್ ಆಗಿದ್ದ ಚಿಕ್ಕಬೀರಯ್ಯ ನಿವೃತ್ತರಾದ ಮೇಲೆ ಮಿಲಿಟರಿ ಹರಾಜಿನಲ್ಲಿ ಕೊಂಡು ತಂದ, ಜೀಪಿನಂಥ ದೊಡ್ಡ ಗಾಡಿ ಆ ಜೋಂಗಾ. ಗೊಬ್ಬರ, ಹೊಗೆಸೊಪ್ಪು, ಬಾಣಂತಿ, ಹೆಣ, ಊರಿನದೆಲ್ಲವನ್ನೂ ಹೊತ್ತಿತ್ತು. ಕಳೆದ ಆಷಾಢದಲ್ಲಿ ಹುಣಸೂರಿನಿಂದ ಗೊಬ್ಬರ ತರುತ್ತೇನೆಂದು ಹೊರಟವರು ಹುಣಸೂರು ದಾಟಿ, ಎಚ್.ಡಿ. ಕೋಟೆ ದಾಟಿ, ಅಂತರಸಂತೆಯ ಆಚೆ ಕಾಡಂಚಿನಲ್ಲಿ ಸಿಕ್ಕಿದ್ದರು. ಪಂಪು ಕೆಟ್ಟು, ನೀರೆಲ್ಲ ಸೋರಿ, ಎಂಜಿನ್ ಕಾದು ಗಾಡಿ ತಾನಾಗಿ ನಿಂತಿತ್ತು. ಸ್ಟಿಯರಿಂಗ್ ಹಿಡಿದು ಕೂತಿದ್ದವರಿಗೆ ತಮ್ಮ ಊರಿನ ಹೆಸರು ಹೇಳಲು ಬರಲಿಲ್ಲ.

ಗಾಡಿಯನ್ನು ಎಳೆದು ತಂದ ದಿನ ಅವರ ಮಗಳು ಶಾಂತಲಾ ನಂಜುಂಡೇಶನನ್ನು ಪಕ್ಕಕ್ಕೆ ಕರೆದಿದ್ದಳು. "ಪಂಪ್ ರಿಪೇರಿ ಮಾಡಿಡಿ ಅಣ್ಣ, ಆದ್ರೆ ಕೂರಿಸ್ಬೇಡಿ. ಗಾಡಿ ಬೇಡ ಅಂದ್ರೆ ಅಪ್ಪ ಊಟ ಬುಡ್ತಾರೆ. ಪಾರ್ಟು ಬಂದಿಲ್ಲ ಅಂದ್ರೆ ಕಾಯ್ತಾರೆ."

ಚಿಕ್ಕಬೀರಯ್ಯ ಈಗ ಅವನನ್ನೇ ನೋಡುತ್ತಿದ್ದರು. "ಶಾಂತಲಾ ಹೇಳಿದ್ಲಾ?"

ನಂಜುಂಡೇಶ್ ತಲೆ ತಗ್ಗಿಸಿದ.

"ಇರ್ಲಿ ಬುಡು. ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ದಾರೀಲಿ ನಾನು ಯಾರ್ಗಾದ್ರೂ ಗಾಡಿ ತಾಗಿಸಿದ್ನಾ?"

"ಇಲ್ಲ ಸಾರ್. ಯಾರಿಗೂ ಏನೂ ಆಗ್ಲಿಲ್ಲ."

"ನೀನು ಹೇಳಿದ್ದನ್ನ ನಂಬ್ಬೇಕು. ನಂಗೆ ಒಂದೂ ನೆನಪಿಲ್ಲ ಕಣಪ್ಪ. ಯಾರ್ನಾದ್ರೂ ಗುದ್ದಿ ಬಂದಿದ್ರೂ ಇಂಗೇ ಕೂತು ನಿನ್ನ ಹತ್ರ ಟೀ ಕುಡೀತಿದ್ದೆ." ಅವರು ಪಂಪನ್ನು ಮುಂದಕ್ಕೆ ಚಾಚಿದರು. "ಕೂರಿಸು."

"ಶಾಂತಲಮ್ಮಂಗೆ ಫೋನ್ ಮಾಡಿ ಒಂದ್ಮಾತು ಕೇಳ್ತೀನಿ ಸಾರ್."

"ಫೋನಲ್ಲಿ ಆಡೋ ಮಾತಲ್ಲ. ನಾನು ಓಡ್ಸಕ್ಕೆ ಕೇಳ್ತಿಲ್ಲ. ನೀನೇ ಓಡಿಸ್ಕಂಡು ನನ್ನ ಮನೆಗೆ ಬುಡು. ಅವಳಿಗೆ ಒಂದು ವಿಷಯ ಹೇಳ್ಬೇಕು. ಇವತ್ತು ತಲೆ ನೆಟ್ಟಗೈತೆ."

ನಂಜುಂಡೇಶ್ ಪಂಪನ್ನು ತೆಗೆದುಕೊಂಡ. ಶೆಡ್ಡಿನಲ್ಲಿದ್ದ ಜೋಂಗಾದ ಮೇಲಿಂದ ಟಾರ್ಪಾಲು ಸರಿಸಿ, ಹೊಸ ಪ್ಯಾಕಿಂಗ್ ಇಟ್ಟು ಬೋಲ್ಟುಗಳನ್ನು ಬಿಗಿದ. ಫ್ಯಾನು, ಬೆಲ್ಟು ಹಾಕಿದ. ರೇಡಿಯೇಟರಿಗೆ ನೀರು ತುಂಬಿ, ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿದಾಗ ಎಂಜಿನ್ ಒಮ್ಮೆ ಕೆಮ್ಮಿ, ಆಮೇಲೆ ಸಮನಾಗಿ ಓಡತೊಡಗಿತು. ಚಿಕ್ಕಬೀರಯ್ಯ ಬಗ್ಗಿ ಪಂಪಿನ ಅಡಿಗೆ ಅಂಗೈ ಹಿಡಿದರು. ಒಂದು ಹನಿಯೂ ಬೀಳಲಿಲ್ಲ. ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಅಭ್ಯಾಸದಂತೆ ಬಲಗಡೆ ಬಾಗಿಲ ಹಿಡಿಗೆ ಕೈ ಹಾಕಿದರು. ಕೊಂಚ ಹೊತ್ತು ಹಾಗೇ ನಿಂತಿದ್ದು, ಗಾಡಿಯನ್ನು ಸುತ್ತಿ ಬಂದು ಎಡಗಡೆ ಕೂತರು.

ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಅವರು ತಮ್ಮಷ್ಟಕ್ಕೆ ಹೆಸರಿಸುತ್ತಿದ್ದರು. ಹಾಲಿನ ಡೈರಿ. ಪಂಚಾಯ್ತಿ ಆಫೀಸು. ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಕೆರೆ ಏರಿ ಹತ್ತುವಾಗ ಆ ಗುನುಗು ನಿಂತುಹೋಯಿತು. ನಂಜುಂಡೇಶ್ ತಿರುಗಿ ನೋಡಿದ. ಅವರು ನೀರನ್ನು ನೋಡುತ್ತಿದ್ದರು.

"ಎಲ್ಲಿಗೆ ಹೊರಟ್ವಿ?"

ನಂಜುಂಡೇಶನ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತಿತು. "ಮನೆಗೆ ಸಾರ್. ಶಾಂತಲಮ್ಮಂಗೆ ಏನೋ ಹೇಳ್ಬೇಕು ಅಂದ್ರಿ."

ಚಿಕ್ಕಬೀರಯ್ಯ ಏರಿ ಮುಗಿಯುವವರೆಗೂ ನೀರನ್ನೇ ನೋಡಿದರು. ಕೊನೆಗೆ, "ಹೂಂ. ಐತೆ, ಐತೆ" ಎಂದು ಅವರು ಎರಡೂ ಕೈಯಿಂದ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು.

ಜೋಂಗಾದ ಸದ್ದಿಗೆ ಶಾಂತಲಾ ರಾಗಿ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಓಡಿ ಬಂದಳು. ಮೊದಲು ಅವಳ ಕಣ್ಣು ಹೋದದ್ದು ಡ್ರೈವರ್ ಸೀಟಿನ ಕಡೆಗೆ. ಅಲ್ಲಿ ನಂಜುಂಡೇಶನನ್ನು ಕಂಡು ಬಾಗಿಲ ಚೌಕಟ್ಟಿಗೆ ಒರಗಿದಳು. "ಅಣ್ಣ, ನಾನು ಅಷ್ಟು ಹೇಳಿದ್ದೆ ನಿಮ್ಗೆ..."

"ಅವನ್ನ ಏನೂ ಅನ್ಬೇಡ" ಎಂದರು ಚಿಕ್ಕಬೀರಯ್ಯ, ಎಡಗಡೆಯಿಂದ ಇಳಿಯುತ್ತ. "ಗಾಡಿ ಮಾರ್ಬುಡಾನ ಕಣವ್ವ. ಗುಜರಿಗೆ ಬೇಡ, ಓಡೋ ಗಾಡೀನೇ ಕೊಡಾನ. ಅದಕ್ಕೇ ಪಂಪು ಕೂರಿಸ್ಕಂಡು ಬಂದೆ."

"ಅಪ್ಪ, ಪಂಪಿಂದು ಸುಳ್ಳು ಹೇಳ್ಸಿದ್ದು ನಾನೇ."

"ಗೊತ್ತು. ಈಗ ನಾನು ಹೇಳೋದು ಕೇಳು." ಅವರು ಅವಳ ಹಿಟ್ಟಿನ ಕೈಯನ್ನು ಹಿಡಿದುಕೊಂಡರು. ಮಾತು ತಪ್ಪಿಹೋದೀತೆಂಬಂತೆ ಒಂದೊಂದೇ ಪದ ಹೇಳಿದರು. "ನಾಳೆ ನಾನು ಇದನ್ನೆಲ್ಲ ಮರೀತೀನಿ. ನನ್ನ ಗಾಡಿ ಏನ್ ಮಾಡ್ದೆ ಅಂತ ನಿನ್ನ ಬೈತೀನಿ. ಕೆಟ್ಟದಾಗಿ ಬೈತೀನಿ. ಆಗ ಅಳ್ಬೇಡ. ಬೈಯೋನು ಯಾರೋ ಕಣವ್ವ. ಇವತ್ತು ಹೇಳ್ತಿರೋನು ನಿಮ್ಮಪ್ಪ."