ಮೆತ್ತನೆಯ ಗಾಲಿ

ಗಂಗಾವತಿಯ ಕಾಲೇಜೊಂದರ ಸಭಾಂಗಣದಲ್ಲಿ, ಬಣ್ಣ ಬಳಿದ ದುಂಡು ಹಲಗೆಯ ಮೇಲೆ, ಶಾಂಭವಿ ಮತ್ತು ನಾಹೀದಾ ಕೂಡಿ ಮಾಡಿದ ರೋಬೋಟ್ ನಿಂತಲ್ಲೇ ಗಾಲಿ ತಿರುಗಿಸುತ್ತಿತ್ತು. ಎದುರಾಳಿ ರೋಬೋಟ್ ಅವಸರವಿಲ್ಲದೆ ಅದನ್ನು ದಬ್ಬಿಕೊಂಡು ಹೋಗಿ ಅಂಚಿನಿಂದ ಕೆಳಗೆ ಕೆಡವಿತು. ಗೆದ್ದಿದ್ದರೆ ರಾಜ್ಯಮಟ್ಟದ ಪಂದ್ಯವಿತ್ತು. ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದ ಆ ಇಬ್ಬರು ಗೆಳತಿಯರಿಗೆ ಇನ್ನೊಂದು ಅವಕಾಶವಿರಲಿಲ್ಲ.

“ಹಿಡಿತೈತಿ ಹಿಡಿತೈತಿ ಅಂದೆಲ್ಲ, ಎಲ್ಲಿ ಹಿಡೀತು?” ರೋಬೋಟನ್ನು ಎತ್ತಿಕೊಳ್ಳುತ್ತಲೇ ಶಾಂಭವಿ ಕೇಳಿದಳು. “ಟ್ರ್ಯಾಕ್ಟರ್ ಗಾಲಿಯಂಗ ಆಳ ಕಚ್ಚಿನ ಗಟ್ಟಿ ಗಾಲಿ ಹಾಕೂಣು ಅಂತ ಬಡಕೊಂಡೆ.”

ಯಲಬುರ್ಗಾದ ಕಪ್ಪು ಎರೆಮಣ್ಣಿನ ಹೊಲಗಳನ್ನು ನೋಡಿ ಬೆಳೆದ ಶಾಂಭವಿಗೆ ಗಟ್ಟಿ ಗಾಲಿಯ ಮೇಲೇ ನಂಬಿಕೆ. “ಇದು ಎರಿ ಹೊಲ ಅಲ್ಲವಾ, ಹಲಗಿ. ಹಲಗಿ ಮ್ಯಾಲ ಮೆತ್ತಂದ ಹಿಡಿತೈತಿ” ಎಂದು ನಾಹೀದಾ ಅವಳನ್ನು ಸಣ್ಣ ಗೀರುಗಳ ಮೆತ್ತನೆಯ ರಬ್ಬರ್ ಗಾಲಿಗೆ ಒಪ್ಪಿಸಿದ್ದಳು. ಬೆಳಗಿನ ಪಂದ್ಯಗಳಲ್ಲೆಲ್ಲ ಆ ಗಾಲಿ ಹಲಗೆಗೆ ಅಂಟಿದಂತೆ ನಿಂತು ಗೆಲ್ಲಿಸಿತ್ತು. ಧೂಳೋ ಪಸೆಯೋ ತಾಗಿದರೆ ಮಾತ್ರ ಜಾರುತ್ತಿತ್ತು. ಪ್ರತಿ ಸಲ ಹಲಗೆಗೆ ಇಳಿಸುವ ಮೊದಲು ನಾಹೀದಾ ಗಾಲಿ ಒರೆಸುತ್ತಿದ್ದಳು.

“ಈ ಸಲ ಒರಸಿದ್ದಿಲ್ಲೇನು?”

ನಾಹೀದಾ ಒಮ್ಮೆ ಗೋಡೆಯ ಕಡೆ ನೋಡಿದಳು. ಅಲ್ಲಿ ಶಾಂಭವಿಯ ಅಜ್ಜಿ ಕಳಕಮ್ಮ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಮೊಮ್ಮಗಳ ಪಂದ್ಯ ನೋಡಲು ಮಧ್ಯಾಹ್ನವಷ್ಟೇ ಬಂದವಳು. ಬಂದ ಕೂಡಲೇ ರೋಬೋಟಿನ ನೆತ್ತಿಗೆ ಕುಂಕುಮ ಹಚ್ಚಿದ್ದಳು.

“ಮರತೆ,” ಎಂದಳು ನಾಹೀದಾ.

“ಅದೊಂದ ಕೆಲಸ ಇತ್ತು ನಿನಗ! ಇನ್ನ ಮ್ಯಾಲ ನಿನ್ನ ಪಾಡಿಗೆ ನೀ ಇರು, ನನ್ನ ಪಾಡಿಗೆ ನಾ ಇರ್ತೀನಿ.”

ಊರಿಗೆ ಮರಳುವ ಬಸ್ಸಿನಲ್ಲಿ ನಾಹೀದಾ ಹಿಂದಿನ ಸೀಟಿನಲ್ಲಿ ಕುಳಿತಳು. ಬಸ್ಸು ಕೊಪ್ಪಳ ಮುಟ್ಟಿದಾಗ, ಭಾಗ್ಯನಗರದ ಮನೆಗೆ ಹೋಗಲು ಇಳಿಯುವ ಮುಂಚೆ, ಶಾಂಭವಿಯ ತೊಡೆಯ ಮೇಲಿದ್ದ ರೋಬೋಟಿನ ಗಾಲಿಗಳಿಗೆ ಧೂಳು ಹತ್ತದಂತೆ ತನ್ನ ಕರವಸ್ತ್ರ ಕಟ್ಟಿದಳು. ಶಾಂಭವಿ ಕಿಟಕಿಯಾಚೆ ನೋಡುತ್ತಿದ್ದಳು.

“ಬರ್ತೀನ್ರಿ, ಆಯಿ,” ಎಂದು ನಾಹೀದಾ ಅಜ್ಜಿಗೆ ಹೇಳಿದಳು.

“ಹೋಗಿ ಬಾರವಾ, ತಂಗಿ,” ಎಂದಳು ಕಳಕಮ್ಮ. ಬಸ್ಸು ಊರು ದಾಟಿದ ಮೇಲೆ ಮೊಮ್ಮಗಳ ಕಡೆ ತಿರುಗಿದಳು. “ಭಾಳ ಛಲೋ ಹುಡುಗಿ ನೋಡು. ನೀ ಬ್ಯಾಟರಿ ತರಾಕ ಹೋಗಿದ್ದಿ. ಹೊಸ ಗಾಡಿಗೆ ಕುಂಕುಮ ಹಚ್ಚಿದ ಲಿಂಬಿಹಣ್ಣು ಇಡದ ಹ್ಯಾಂಗ ಬಿಡ್ತೀರಿ ಅಂದೆ. ಆಕಿ ಒಮ್ಮೆ ಗಾಲಿ ನೋಡಿದ್ಲು, ಒಮ್ಮೆ ನನ್ನ ನೋಡಿದ್ಲು. ಆಮ್ಯಾಲೆ, ‘ಅಷ್ಟು ದೂರಿಂದ ತಂದೀರಿ, ಇಡ್ರಿ ಆಯಿ’ ಅಂತ ತಾನ ಗಾಡಿ ಹಿಡದು ಹಣ್ಣಿನ ಮ್ಯಾಲ ಹಾಯಿಸಿದ್ಲು. ಅಷ್ಟರಾಗ ನಿಮ್ಮ ಹೆಸರು ಕೂಗಿಬಿಟ್ರು.”

ಶಾಂಭವಿ ಕರವಸ್ತ್ರದ ಗಂಟು ಬಿಚ್ಚಿದಳು. ಬಟ್ಟೆಯ ಒಳಮೈಯಲ್ಲಿ ಅವಸರದಲ್ಲಿ ಒರೆಸಿದ ರಸದ ಕಲೆ, ಅದರಲ್ಲಿ ಕುಂಕುಮದ ಕೆಂಪು. ಗಾಲಿಯ ಗೀರೊಂದರಲ್ಲಿ ಲಿಂಬೆಯ ಬೀಜ ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿ ಮುಷ್ಟಿಯಲ್ಲಿ ಮುಚ್ಚಿದಳು.

“ಯಾಕ ಜಾರಿತಂತವಾ ನಮ್ಮ ಗಾಡಿ?” ಅಜ್ಜಿ ಮೆಲ್ಲಗೆ ಕೇಳಿದಳು.

“ಗಾಲಿ ಆರಿಸಿದ್ದು ತಪ್ಪಾತು, ಆಯಿ.”

“ಯಾರು ಆರಿಸಿದ್ರು?”

“ನಾನ.”

“ಹೋಗ್ಲಿ ಬಿಡು.” ಕಳಕಮ್ಮ ಅವಳ ಬೆನ್ನು ಸವರಿದಳು. “ಮುಂದಿನ ಸಲ ನಾಕೂ ಗಾಲಿಗೆ ಲಿಂಬಿಹಣ್ಣು ಇಡೂಣು. ಆ ಹುಡುಗಿನೇ ಗಾಡಿ ಹಿಡೀಲಿ. ಆಕಿ ಕೈ ಭಾಳ ಮೆತ್ತಗ ಐತಿ.”